ಅಳತೆಗೋಲಿನವನ ಎರಡು ಪುಟ

ಬಂದರು ಕಚೇರಿಯ ಹೊಸ ಸಾಹೇಬರು ಫೋನು ಮಾಡಿದ್ದರು:
ಸ್ಮರಣ ಸಂಚಿಕೆ ತರ್ತಿದ್ದೇವೆ ದುರ್ಗೇಕರ್,
ಊರು ಬೆಳೆದ ಬಗೆ ಎರಡು ಪುಟ ಬರೆದುಕೊಡಿ,
ಫೋಟೋ ಇದ್ದರೆ ಒಳ್ಳೆಯದು.

ಮೂವತ್ತೊಂದು ವರ್ಷ ನಾನು ಬೈತಖೋಲದಲ್ಲಿ
ಗಂಟೆಗೊಮ್ಮೆ ನೀರು ನೋಡಿದವನು.
ಕಂಬದ ಮೇಲೆ ಕೆಂಪು ಗೀಟು, ಕೈಯಲ್ಲಿ ನೀಲಿ ರಿಜಿಸ್ಟರು.
ಒಂದು ಮೀಟರು ತೊಂಬತ್ತು. ಒಂದು ಮೀಟರು ಎಪ್ಪತ್ತಾರು.
ಅಷ್ಟೇ ನನ್ನ ಸಾಹಿತ್ಯ.
ಊರಿಗೆ ಬೆನ್ನು ಹಾಕಿ ನಿಂತವನನ್ನು
ಊರಿನ ಚರಿತ್ರೆ ಕೇಳುತ್ತಾರೆ.

ಆದರೂ ಬರೆಯುತ್ತೇನೆ.
ಮೊದಲು ಇಲ್ಲಿ ಊರೇ ಇರಲಿಲ್ಲ.
ಕೋಣೆ, ಕಾಜುಬಾಗ, ಕೋಡಿಬಾಗ, ಬಾಡ:
ಒಂದರ ನಾಯಿ ಬೊಗಳಿದ್ದು ಇನ್ನೊಂದಕ್ಕೆ ಕೇಳದಷ್ಟು
ಮರಳು ನಡುವೆ.
ಕಾಳಿ ತಾನು ತಂದ ಮಣ್ಣನ್ನು ತಾನೇ ಒಯ್ಯುತ್ತಿದ್ದಳು.
ಆಮೇಲೆ ಎಲ್ಲೋ ಯಾರದೋ ಯುದ್ಧ;
ಧಾರವಾಡದ ಹತ್ತಿಗೆ ಇಲ್ಲಿ ಬೆಲೆ ಬಂತು.
ಅರಬೈಲ್ ಘಟ್ಟದಿಂದ ಚಕ್ಕಡಿ ಇಳಿದವು,
ಗೊರಸಿಗೆ ಮೊದಲ ಸಲ ಉಪ್ಪು ನೀರು ತಾಗಿ
ಎತ್ತುಗಳು ಹೌಹಾರಿ ನಿಂತವಂತೆ.
ಅಜ್ಜ ಹೇಳುತ್ತಿದ್ದ, ಅವನಿಗೆ ಅವನಜ್ಜ.
ಹತ್ತಿಯ ಹಿಂದೆ ತಕ್ಕಡಿಯವರು ಬಂದರು,
ತಕ್ಕಡಿಯ ಹಿಂದೆ ಸುಂಕದವರು ಬಂದರು,
ಸುಂಕದ ಹಿಂದೆ ಕಲೆಕ್ಟರು, ಹೊನ್ನಾವರದಿಂದ ಕುರ್ಚಿ ಸಮೇತ.
ಹೀಗೆ ಬಂದರು, ಬಂದರು ಅಂತಲೇ
ಬಂದರು ಆಯಿತೇನೋ.
ಹೋದರು ಎಂಬುದಕ್ಕೆ ಮಾತ್ರ ನಮ್ಮಲ್ಲಿ
ಯಾವ ಕಟ್ಟಡವೂ ಇಲ್ಲ.

ಸಂಚಿಕೆಗೆ ಇದು ಬೇಡವೆಂದಾರು.

ಸರಿ, ದ್ವೀಪದ ದೀಪದ ಬಗ್ಗೆ ಬರೆಯಲೆ?
ದೇವಗಡದ ಬಂಡೆಯ ಮೇಲೆ ಅದು ಮೊದಲು ಹೊತ್ತಿದ ರಾತ್ರಿ
ರಾಂಪಣಿ ಎಳೆಯುತ್ತಿದ್ದವರು ಬಲೆ ಬಿಟ್ಟು ಕೈಮುಗಿದರಂತೆ.
ಮೂರನೇ ರಾತ್ರಿ ಬೈದರಂತೆ:
ಈ ಬೆಳಕಿಗೆ ತಾರ್ಲೆ ದಂಡೆ ಹತ್ತುವುದಿಲ್ಲ.
ಸ್ಟೀಮರು ಬಂತು. ಹತ್ತಿ ಒತ್ತುವ ಯಂತ್ರ ಬಂತು.
ಒಂದು ದಿನ ರೈಲು ಮುರಗಾಂವಿಗೆ ಹೋಯಿತು,
ಹತ್ತಿ ಅದರ ಹಿಂದೆ ಹೋಯಿತು.
ಮುತ್ತಜ್ಜ ಪುಂಡಲೀಕ ಆ ವರ್ಷ ಹೊರಲು ಮೂಟೆಯಿಲ್ಲದೆ
ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲು ಹೋಗಿ
ಮೂರು ತಿಂಗಳು ನರಳಿದ.

ಆಮೇಲೆ ಅದಿರು. ಕೆಂಪು ಧೂಳು.
ಒಗೆದ ಬಟ್ಟೆ, ಬಂಗಡೆ ಸಾರು, ಮಗುವಿನ ಉಗುಳು, ಎಲ್ಲ ಕೆಂಪು.
ಆಮೇಲೆ ಬೇಲಿ. ನೌಕಾನೆಲೆಗೆ ಜಾಗ ಬಿಟ್ಟ ಅರಗಾದವರು
ಬಾಗಿಲು ಕಿತ್ತು ಹೆಗಲ ಮೇಲೆ ಹೊತ್ತು ತಂದು
ಹೊಸ ಕಾಲನಿಯಲ್ಲಿ ಅದಕ್ಕೊಂದು ಗೋಡೆ ಹುಡುಕಿದರು.
ಧಕ್ಕೆ ಅಂದರೆ ನಮಗೆ ಹಡಗು ನಿಲ್ಲುವ ಜಾಗ,
ಘಟ್ಟದ ಮೇಲಿನವರಿಗೆ ಅದು ಪೆಟ್ಟು.
ಎರಡೂ ಸರಿ. ನಿಘಂಟು ನೋಡಬೇಕಿಲ್ಲ.

ಫೋಟೋ ಕೇಳಿದಿರಲ್ಲ.
ಜೆರಾಕ್ಸ್ ಅಂಗಡಿಯ ಹಿಂದೆ, ಗಟಾರದ ಪಕ್ಕ
ಒಂದು ಕಲ್ಲಿದೆ. ಕಲ್ಲಿಗೆ ಕಬ್ಬಿಣದ ಬಳೆ,
ತೋಳು ತೂರುವಷ್ಟು ದೊಡ್ಡದು.
ಮಚವೆ ಕಟ್ಟುತ್ತಿದ್ದದ್ದು ಅದಕ್ಕೇ.
ಈಗ ನೂರಬಾನು ಆಡು ಕಟ್ಟುತ್ತಾಳೆ.
ಅಲ್ಲಿಂದ ಸಮುದ್ರಕ್ಕೆ ನನ್ನ ಹೆಜ್ಜೆಯಲ್ಲಿ ನಾನೂರ ಹನ್ನೆರಡು.
ಮಣ್ಣು ಸುರಿದರು, ಬಸ್ಸು ನಿಂತಿತು, ಬ್ಯಾಂಕು ಬಂತು.
ಊರು ಬೆಳೆದದ್ದು ಎಷ್ಟೆಂದರೆ ಅಷ್ಟು.
ಉಳಿದದ್ದೆಲ್ಲ ಭಾಷಣ.

ಇನ್ನೊಂದು ಮಾತು; ಇದನ್ನು ಅಚ್ಚು ಹಾಕಬೇಡಿ.
ಆಷಾಢದ ಅಮಾವಾಸ್ಯೆ, ಉಬ್ಬರದ ಹೊತ್ತಿಗೆ
ಕೊಡೆ, ಬ್ಯಾಟರಿ ಹಿಡಿದು ಅಲ್ಲಿಗೆ ಹೋಗುತ್ತೇನೆ.
ಪಿಂಚಣಿ ಬಂದರೂ ಡ್ಯೂಟಿ ಮುಗಿಯಲಿಲ್ಲವೇ
ಎಂದು ಮಂದಾಕಿನಿ ಬೈಯುತ್ತಾಳೆ.
ಗಟಾರದೊಳಗಿಂದ, ಯಾರೂ ಕರೆಯದೆ,
ನೀರು ಹಿಮ್ಮುಖ ಏರುತ್ತದೆ.
ಪ್ಲಾಸ್ಟಿಕ್ಕು, ಒಂಟಿ ಚಪ್ಪಲಿ,
ಆಡಿನ ಹಗ್ಗದ ತುಂಡು, ಆಮೇಲೆ ಉಪ್ಪಿನ ವಾಸನೆ.
ಹೋದ ವರ್ಷ ಬಳೆಗೆ ನಾಲ್ಕು ಬೆರಳು ಕಡಿಮೆ.
ಈ ವರ್ಷ ಎರಡು.
ಹಳೆಯ ರಿಜಿಸ್ಟರಿನ ಕೊನೆಯ ಖಾಲಿ ಹಾಳೆಯಲ್ಲಿ
ಅದನ್ನು ಬರೆದು, ಸಹಿ ಹಾಕಿ,
ಹವಾಮಾನದ ಕಾಲಮ್ಮಿನಲ್ಲಿ ಮಳೆ ಎಂದು ತುಂಬಿ
ಮನೆಗೆ ಬರುತ್ತೇನೆ.